ಕೈತಪ್ಪಿ ಬಂದ ಚೆಲುವು ಯಾರದು?

ಕಲಾಶಾಲೆಗೆ ಸೇರಿದ ಮೊದಲ ವರ್ಷ ನಮಗೆ ಹೆಚ್ಚಾಗಿ ಪೆನ್ಸಿಲಿನದ್ದೇ ಕೆಲಸ. ಹೂಜಿ, ಬಟ್ಟೆಯ ಮಡಿಕೆ, ಎದುರು ಕುಳಿತ ಸಹಪಾಠಿಯ ಪಾದ, ಹೀಗೆ ಕಂಡದ್ದನ್ನು ಕಂಡ ಹಾಗೆ ಬಿಡಿಸಬೇಕು. ಗೆರೆ ಸೊಟ್ಟಗಾದರೆ ತಪ್ಪು ನನ್ನದು, ನೆಟ್ಟಗೆ ಬಂದರೆ ಮೆಚ್ಚುಗೆಯೂ ನನ್ನದು. ಲೆಕ್ಕ ಸರಳವಾಗಿತ್ತು. ಮಾಧ್ಯಮಗಳು ಒಂದೊಂದಾಗಿ ಬದಲಾದಂತೆ ಈ ಲೆಕ್ಕ ಕೆಡುತ್ತಾ ಹೋಯಿತು.

ಜಲವರ್ಣದಲ್ಲಿ ಒದ್ದೆ ಕಾಗದದ ಮೇಲೆ ಬಿಟ್ಟ ಬಣ್ಣ ಎಲ್ಲಿಯವರೆಗೆ ಹರಡಬೇಕೆಂಬುದನ್ನು ಅರ್ಧ ನಾನು, ಅರ್ಧ ನೀರು ತೀರ್ಮಾನಿಸುತ್ತಿದ್ದೆವು. ಕೊಲಾಜಿನಲ್ಲಿ ಹಳೆಯ ಪತ್ರಿಕೆಯ ಹರಿದ ಅಂಚು ನಾನು ಎಳೆದ ಗೆರೆಯಾಗಿರಲಿಲ್ಲ. ಆಮೇಲೆ ಫ್ರೊಟಾಜ್ ಬಂತು. ಒರಟಾದ ಮೇಲ್ಮೈಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅದರ ಅಚ್ಚು ಪಡೆಯುವ ವಿಧಾನವದು. ಜರ್ಮನಿಯ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಫ್ರಾನ್ಸಿನ ಕಡಲತೀರದ ವಸತಿಗೃಹವೊಂದರಲ್ಲಿದ್ದಾಗ ಸವೆದ ನೆಲಹಲಗೆಗಳ ಮೇಲೆ ಕಾಗದವಿಟ್ಟು ಉಜ್ಜಿ ಇದನ್ನು ತನ್ನದಾಗಿಸಿಕೊಂಡ. ನಾವು ಹಲಸಿನ ಮರದ ತೊಗಟೆ, ಹೆಂಚು, ಚರಂಡಿಯ ಮುಚ್ಚಳ, ಯಾವುದನ್ನೂ ಬಿಡಲಿಲ್ಲ. ಕಾಗದದ ಮೇಲೆ ಕಾಡು ಮೂಡುತ್ತಿತ್ತು, ಮೋಡ ಮೂಡುತ್ತಿತ್ತು. ಅದನ್ನು ಬಿಡಿಸಿದವರು ಯಾರು ಎಂದು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಎರಡನೆಯ ವರ್ಷ ಎಚ್ಚಿಂಗ್ ಕಲಿತೆವು. ಸತುವಿನ ತಗಡಿಗೆ ಮೇಣ ಮತ್ತು ಅಸ್ಫಾಲ್ಟಮ್ ಬೆರೆತ ಲೇಪ ಹಚ್ಚಿ, ಒಣಗಿದ ಮೇಲೆ ಸೂಜಿಯಿಂದ ಚಿತ್ರ ಗೀಚಬೇಕು. ಬಳಿಕ ತಗಡನ್ನು ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸಬೇಕು. ಲೇಪ ಎದ್ದ ಕಡೆ ಮಾತ್ರ ಆಮ್ಲ ಲೋಹವನ್ನು ಕೊರೆಯುತ್ತದೆ. ಹೊತ್ತು ಹೆಚ್ಚಿದಷ್ಟೂ ಗೆರೆ ಆಳವಾಗುತ್ತದೆ. ಗೆರೆಗಳ ಮೇಲೆ ಕೂರುವ ಗುಳ್ಳೆಗಳನ್ನು ಹಕ್ಕಿಯ ಗರಿಯಿಂದ ಸರಿಸುತ್ತಾ, ಗಡಿಯಾರ ನೋಡುತ್ತಾ ಪಕ್ಕದಲ್ಲೇ ಇರಬೇಕು. ಕೊನೆಗೆ ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ತೇವದ ಕಾಗದವನ್ನು ಮೇಲಿಟ್ಟು ಪ್ರೆಸ್ಸಿನ ಉರುಳೆಯಡಿ ಹಾಯಿಸಿದರೆ ಚಿತ್ರ ಎಡಬಲ ತಿರುಗಿ ಕಾಗದಕ್ಕೆ ಬರುತ್ತದೆ.

ನಾನು ಆರಿಸಿಕೊಂಡದ್ದು ಬೀಡಿ ಕಟ್ಟುವ ಉಮ್ಮನ ಕೈಗಳನ್ನು. 'ಮುಖ ಬೇಡ ಮೋನೇ, ಬೇಕಿದ್ದರೆ ಕೈ ಬಿಡಿಸಿಕೋ' ಎಂದು ಉಮ್ಮ ಮೊದಲೇ ಹೇಳಿದ್ದರು. ತಗಡನ್ನು ಹತ್ತು ನಿಮಿಷ ಆಮ್ಲದಲ್ಲಿಡಬೇಕಿತ್ತು. ಅಷ್ಟರಲ್ಲಿ ಚಹಾ ಕುಡಿದು ಬರೋಣವೆಂದು ಹೋದೆ. ಮಳೆ ಹಿಡಿಯಿತು, ಕ್ಯಾಂಟೀನಿನಲ್ಲಿ ಮಾತು ಬೆಳೆಯಿತು. ನಲವತ್ತು ನಿಮಿಷ ಕಳೆದು ಓಡಿ ಬಂದಾಗ, ಪಕ್ಕದ ಮೇಜಿನ ಗೆಳೆಯ ನನ್ನ ತಗಡನ್ನು ಹೊರತೆಗೆದು ನಲ್ಲಿಯಡಿ ಹಿಡಿದಿದ್ದ. ಕೈಗಳ ಸುತ್ತ ಲೇಪ ಕಿತ್ತುಹೋಗಿ, ಆಮ್ಲ ಸಿಕ್ಕಸಿಕ್ಕಲ್ಲಿ ಲೋಹವನ್ನು ತಿಂದಿತ್ತು. ನಾನು ಎಸೆಯಲು ಹೊರಟೆ. 'ಒಂದು ಪ್ರತಿ ತೆಗೆದು ನೋಡು' ಎಂದ ಅವನು.

ಪ್ರತಿ ನೋಡಿ ಇಬ್ಬರೂ ಸುಮ್ಮನಾದೆವು. ತಂಬಾಕಿನ ಪುಡಿಯಂತೆ, ಹಳೆಯ ಮನೆಯ ಗೋಡೆಯಂತೆ ಒಂದು ಕಪ್ಪು ಆ ಕೈಗಳನ್ನು ಸುತ್ತಿಕೊಂಡಿತ್ತು. ನಾನು ಅಲ್ಲಿಯವರೆಗೆ ಮಾಡಿದ್ದ ಯಾವ ಚಿತ್ರವೂ ಅಷ್ಟು ಚೆನ್ನಾಗಿರಲಿಲ್ಲ.

ವರ್ಷದ ಕೊನೆಗೆ ಪರೀಕ್ಷಕರು ಅದರ ಮುಂದೆ ಬಹಳ ಹೊತ್ತು ನಿಂತರು. 'ಈ ಕಪ್ಪನ್ನು ಹೇಗೆ ತಂದಿರಿ?' ಎಂದು ಕೇಳಿದರು. 'ದುಡಿಮೆ ಬೆರಳುಗಳನ್ನು ತಿನ್ನುವುದನ್ನು ತೋರಿಸಬೇಕಿತ್ತು ಸರ್, ಅದಕ್ಕೆ ಆಸಿಡ್ಡಿನಲ್ಲಿ ಹೆಚ್ಚು ಹೊತ್ತು ಬಿಟ್ಟೆ' ಎಂದೆ. ಗೆಳೆಯ ಎರಡು ಮೇಜು ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವನ ತಗಡು ನಿಮಿಷ ನಿಮಿಷವೂ ಕಾದು ಮಾಡಿದ ಶುದ್ಧ ಕೆಲಸ. ಅಂಕ ನನಗೆ ಹೆಚ್ಚು ಬಂತು.

ಇದರಲ್ಲಿ ತಪ್ಪೇನು? ಕಲೆಯಲ್ಲಿ ಆಕಸ್ಮಿಕಕ್ಕೆ ಜಾಗ ಇದ್ದೇ ಇದೆಯಲ್ಲ? ರೋಮಿನ ಪ್ಲಿನಿ ಮೊದಲನೆಯ ಶತಮಾನದಲ್ಲೇ ಒಂದು ಕತೆ ದಾಖಲಿಸಿದ್ದಾನೆ. ಗ್ರೀಕ್ ಚಿತ್ರಕಾರ ಪ್ರೊಟೊಜೆನೀಸನಿಗೆ ಏದುಸಿರು ಬಿಡುವ ನಾಯಿಯ ಬಾಯಿಯ ನೊರೆ ಎಷ್ಟು ಬಿಡಿಸಿದರೂ ಒಪ್ಪಿಗೆಯಾಗಲಿಲ್ಲವಂತೆ. ಬಿಡಿಸಿ ಒರೆಸಿ, ಬಿಡಿಸಿ ಒರೆಸಿ ಬೇಸತ್ತು ಸ್ಪಂಜನ್ನು ಚಿತ್ರಕ್ಕೇ ಎಸೆದ. ಅದು ಬಿದ್ದಲ್ಲಿ ನೊರೆ ತಾನಾಗಿ ಮೂಡಿತು. ಆ ಸ್ಪಂಜಿನಲ್ಲಿ ಇದ್ದದ್ದು ಅವನೇ ಹಚ್ಚಿ ಒರೆಸಿದ್ದ ಬಣ್ಣ. ಹಾಗಾಗಿ ಅದೃಷ್ಟ ದುಡಿದವನ ಕೈಗೇ ಸಿಗುತ್ತದೆ ಎಂದು ಹೇಳಬಹುದು. ನಾನೂ ಬಹುಕಾಲ ಹಾಗೆಯೇ ಹೇಳಿಕೊಂಡೆ. ಆದರೆ ಪ್ರೊಟೊಜೆನೀಸ್ ಸ್ಪಂಜು ಎಸೆದದ್ದು ಚಿತ್ರದ ಮುಂದೆ ನಿಂತು, ನಾನು ಕ್ಯಾಂಟೀನಿನಲ್ಲಿದ್ದೆ.

ತತ್ವಶಾಸ್ತ್ರಜ್ಞರಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ಇಂಥ ಪ್ರಶ್ನೆಗಳನ್ನು 'ನೈತಿಕ ಅದೃಷ್ಟ' ಎಂಬ ಹೆಸರಿನಲ್ಲಿ ಚರ್ಚೆಗೆ ತಂದರು. ನೇಗೆಲ್ ಕೊಡುವ ಉದಾಹರಣೆ ಎಲ್ಲರಿಗೂ ತಿಳಿಯುವಂಥದ್ದು. ಬ್ರೇಕು ಪರೀಕ್ಷಿಸದೆ ಲಾರಿ ಹೊರಡಿಸಿದ ಚಾಲಕನ ದಾರಿಗೆ ಮಗುವೊಂದು ಅಡ್ಡ ಬಂದರೆ ಅವನು ಜೀವನವಿಡೀ ಅಪರಾಧಿ. ಬಾರದಿದ್ದರೆ, ಅದೇ ಅಜಾಗರೂಕತೆಗೆ ಅಂಥ ದೂಷಣೆ ಇಲ್ಲ. ನನ್ನ ವಿಷಯವೂ ಅಷ್ಟೇ. ತಗಡು ಹಾಳಾಗಿದ್ದರೆ ನನ್ನನ್ನು ಸೋಮಾರಿ ಎನ್ನುತ್ತಿದ್ದರು. ಚೆನ್ನಾಗಿ ಬಂದದ್ದರಿಂದ ಪ್ರತಿಭಾವಂತ ಎಂದರು. ನಾನು ಮಾಡಿದ್ದು ಎರಡು ಸಂದರ್ಭದಲ್ಲೂ ಒಂದೇ: ಚಹಾ ಕುಡಿಯುತ್ತಾ ಕೂತದ್ದು.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ಅದೇ ವರ್ಷ ನನ್ನ ಎರಡು ತಗಡುಗಳು ನಿಜಕ್ಕೂ ಹಾಳಾಗಿದ್ದವು. ಆಗ ನಾನು ಮೇಷ್ಟ್ರಿಗೆ ಹೇಳಿದ್ದು, 'ಆಸಿಡ್ ಸರಿ ಇರಲಿಲ್ಲ ಸರ್.' ಕೆಟ್ಟದ್ದನ್ನು ಆಮ್ಲದ ಲೆಕ್ಕಕ್ಕೆ ಬರೆದೆ, ಒಳ್ಳೆಯದನ್ನು ನನ್ನ ಲೆಕ್ಕಕ್ಕೆ. ಒಂದೇ ಬೋಗುಣಿಯ ಆಮ್ಲ!

ಉಮ್ಮನ ಲೆಕ್ಕ ಹೀಗಿರಲಿಲ್ಲ. ಬೀಡಿ ಬ್ರಾಂಚಿನಲ್ಲಿ ಎಲೆಯನ್ನು ತೂಗಿ ಕೊಡುತ್ತಿದ್ದರು, ಬೀಡಿಯನ್ನು ಎಣಿಸಿ ಪಡೆಯುತ್ತಿದ್ದರು. ತೂತುಬಿದ್ದ ಎಲೆ ಬಂದರೆ ಎಣಿಕೆಗೆ ಕೊರತೆ ಬೀಳುತ್ತಿತ್ತು. ಅಂಗಡಿಯಿಂದ ಎಲೆ ಕೊಂಡು ತುಂಬಿಸುತ್ತಿದ್ದರು. ಒಳ್ಳೆಯ ಎಲೆ ಬಂದ ವಾರ ಸ್ವಲ್ಪ ಉಳಿಯುತ್ತಿತ್ತು. ಉಳಿದ ಎಲೆಯನ್ನು ನೋಡಿ ಅವರು 'ನನ್ನ ಕೈ ಚುರುಕು' ಎಂದದ್ದನ್ನು ನಾನು ಕೇಳಿಲ್ಲ. 'ಈ ಸಲ ಎಲೆ ಒಳ್ಳೆಯದಿತ್ತು' ಎನ್ನುತ್ತಿದ್ದರು. ನಷ್ಟವನ್ನು ಹೊತ್ತವರು ಅವರು. ಲಾಭದಲ್ಲಿ ತನ್ನದೆಷ್ಟು, ಎಲೆಯದೆಷ್ಟು ಎಂಬುದನ್ನು ಬೆರೆಸದವರೂ ಅವರೇ. ಆ ಕೈಗಳನ್ನು ಗೀಚಲು ನಾನು ವಾರಗಟ್ಟಲೆ ಅವರ ಮುಂದೆ ಕೂತಿದ್ದೆ. ಕೈಯ ಗೆರೆ ಮಾತ್ರ ಕಲಿತೆ.

ಮೂರನೆಯ ವರ್ಷ ಅದೇ ಕಪ್ಪನ್ನು ಮತ್ತೆ ತರಲು ಹೊರಟೆ. ಆರು ತಗಡು ಕೆಡಿಸಿದೆ. ಒಂದರಲ್ಲೂ ಬರಲಿಲ್ಲ. ಆ ಕಪ್ಪು ನನ್ನ ವಿದ್ಯೆಯಾಗಿರಲಿಲ್ಲ ಎಂಬುದು ಆಗ ಅನುಮಾನಕ್ಕೆಡೆಯಿಲ್ಲದಂತೆ ತಿಳಿಯಿತು. ಮೇಷ್ಟ್ರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. 'ರೆಕಾರ್ಡ್ ಪುಸ್ತಕದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆ. ಇಲ್ಲದಿದ್ದರೆ ನಿನಗೂ ಉಪಯೋಗವಿಲ್ಲ, ಮುಂದೆ ಓದುವವನಿಗೂ ಇಲ್ಲ' ಎಂದರು. ಬರೆದೆ: ನಲವತ್ತು ನಿಮಿಷ, ಯಾರೂ ನೋಡಿಕೊಳ್ಳಲಿಲ್ಲ, ಗೆಳೆಯ ಹೊರತೆಗೆದ, ಎಸೆಯಬೇಡ ಎಂದವನೂ ಅವನೇ. ಬರೆದು ಮುಗಿಸಿದಾಗ ನನ್ನದೆಂದು ಉಳಿದದ್ದು ಉಮ್ಮನ ಹತ್ತು ಬೆರಳುಗಳ ಗೆರೆ. ಅದು ಕಡಿಮೆಯೇನಲ್ಲ ಎಂದು ಈಗ ಅನ್ನಿಸುತ್ತದೆ.

ಆಕಸ್ಮಿಕವಾಗಿ ಬಂದ ಚೆಲುವನ್ನು ಕಲಾವಿದ ಉಳಿಸಿಕೊಳ್ಳುವುದು ತಪ್ಪಲ್ಲ. ನೋಡುಗರ ಮುಂದೆ ಪ್ರತಿಯೊಂದು ಕಲೆಯ ಮೂಲವನ್ನೂ ಒಪ್ಪಿಸಬೇಕೆಂದೂ ಇಲ್ಲ. ಆದರೆ 'ಹೇಗೆ ತಂದಿರಿ' ಎಂದು ಯಾರಾದರೂ ಕೇಳಿದಾಗ ಆ ಪ್ರಶ್ನೆ ಚಿತ್ರವನ್ನು ಕುರಿತದ್ದಲ್ಲ, ನಮ್ಮನ್ನು ಕುರಿತದ್ದು. ಅದಕ್ಕೆ ಕೊಡುವ ಉತ್ತರದಲ್ಲಿ ಆಮ್ಲಕ್ಕೆ ಪಾಲಿಲ್ಲ.

ಗೆಳೆಯನಿಗೂ ಹೇಳಿದೆ. 'ನನಗೆ ಗೊತ್ತಿದ್ದದ್ದೇ ಅಲ್ಲವಾ' ಎಂದು ನಕ್ಕ. ನಿಜ, ಅವನಿಗೆ ಹೊಸದಾಗಿ ತಿಳಿಯಬೇಕಾದದ್ದು ಏನೂ ಇರಲಿಲ್ಲ. ಆ ಮಾತನ್ನು ಪರೀಕ್ಷಕರ ಎದುರು, ಅವನು ಎರಡು ಮೇಜು ಆಚೆ ನಿಂತಿದ್ದಾಗ ನಾನು ಹೇಳಬೇಕಿತ್ತು. ಆ ಹೊತ್ತು ದಾಟಿ ಹೋಗಿತ್ತು.