ಭೂತದಯೆಯೂ ಮನುಷ್ಯನೂ



ದಯೆಯನ್ನು ಕುರಿತು ಬಸವಣ್ಣನವರು ಅಪ್ಪಣೆ ಕೊಡಿಸಿದ ವಚನವನ್ನು ಅರಿಯದ ಲಿಂಗವಂತರ ಮನೆ ಕನ್ನಡ ನಾಡಿನಲ್ಲಿ ಇರಲಾರದು. ನಮ್ಮ ಪಾಠಶಾಲೆಯ ಕಿರಿಯ ಮಕ್ಕಳೂ ಅದನ್ನು ಒಪ್ಪಿಸಬಲ್ಲರು. ಆದುದರಿಂದ ಅದನ್ನಿಲ್ಲಿ ಉದ್ಧರಿಸುವುದಿಲ್ಲ. ದಯೆಗೆ ಪಾತ್ರರು ಯಾರೆಂಬುದನ್ನು ಹೇಳುವಲ್ಲಿ ಅಣ್ಣನವರು ಯಾವ ಪ್ರಾಣಿಯನ್ನೂ ಹೊರಗೆ ಬಿಟ್ಟಿಲ್ಲ. ಪ್ರಾಣವುಳ್ಳುದು ಪ್ರಾಣಿ, ವ್ಯಾಕರಣದ ಮೊದಲ ಪಾಠ ಓದಿದವನಿಗೂ ತಿಳಿದಿರುವ ವ್ಯುತ್ಪತ್ತಿಯಿದು. ಇರುವೆ ಪ್ರಾಣಿ, ಆಕಳು ಪ್ರಾಣಿ, ಕೋಳಿಯೂ ಪ್ರಾಣಿ. ಹಾಗಾದರೆ ಮನುಷ್ಯನು? ಅವನಿಗೂ ಪ್ರಾಣವಿದೆಯೆಂಬುದನ್ನು ಅಹಿಂಸಾವ್ರತಿಗಳಾದ ನಾವು ಕೆಲವು ವೇಳೆ ಮರೆಯುತ್ತೇವೆಯೋ ಎಂಬ ಸಂದೇಹವು ಕೆಲವು ವರ್ಷಗಳಿಂದ ನನ್ನನ್ನು ಬಾಧಿಸುತ್ತಿದೆ.

ತಪ್ಪು ತಿಳಿಯಬಾರದು. ಈ ಬರಹ ಶಾಕಾಹಾರದ ವಿರುದ್ಧವಾದುದಲ್ಲ. ಹುಟ್ಟಿದಂದಿನಿಂದ ನಾನು ಶಾಕಾಹಾರಿ. ದೀಕ್ಷೆಯಾದಂದಿನಿಂದ ಅದು ನನಗೆ ವ್ರತ. ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗತಕ್ಕ ಪದಾರ್ಥವು ಹಿಂಸೆಯಿಂದ ದೂರವಾಗಿರಬೇಕೆಂಬುದನ್ನು ನಾನು ಮಕ್ಕಳಿಗೆ ಇಂದೂ ಕಲಿಸುತ್ತೇನೆ, ನಾಳೆಯೂ ಕಲಿಸುತ್ತೇನೆ. ನನ್ನ ಪ್ರಶ್ನೆ ಆ ದಯೆ ಎಲ್ಲಿ ನಿಲ್ಲುತ್ತದೆಂಬುದನ್ನು ಕುರಿತದ್ದು.

ವಚನಗಳಲ್ಲಿ ಮೂಕಪ್ರಾಣಿಗಳ ಕಡೆಗೆ ಹರಿದ ಕರುಣೆ ಅಪೂರ್ವವಾದುದು. ಬಲಿಗೆಂದು ಕಟ್ಟಿದ ಕುರಿಯು ತನ್ನ ಸಾವು ಸಮೀಪಿಸಿದುದನ್ನರಿಯದೆ ಹಬ್ಬದ ಸಿಂಗಾರದ ಎಲೆಗಳಿಗೇ ಬಾಯಿ ಹಾಕಿದ ಚಿತ್ರವನ್ನು ಅಣ್ಣನವರು ಕೊಟ್ಟಿರುವರು. ಅನ್ನವನ್ನು ಕಂಡ ಕಾಗೆ ತನ್ನವರನ್ನೆಲ್ಲ ಕೂಗುವುದನ್ನು ತೋರಿಸಿ, ಭಕ್ತನೆನಿಸಿಕೊಂಡವನು ಅದಕ್ಕಿಂತ ಕಡೆಯಾಗಬಾರದೆಂದಿರುವರು. ಯಜ್ಞಕ್ಕೆ ತಂದ ಹೋತವನ್ನು ನೋಡಿ, ಶಾಸ್ತ್ರ ಬಲ್ಲವರ ಎದುರಿಗೇ ಹೋಗಿ ಗೋಳಿಡೆಂದು ಹೇಳಿದ ವಚನವಂತೂ ಇದೆಯಷ್ಟೆ; ಬಹುಕಾಲದಿಂದ ಪಾಠ ಹೇಳುತ್ತಿದ್ದರೂ ಅಲ್ಲಿಗೆ ಬಂದಾಗ ನನ್ನ ಧ್ವನಿ ತಡೆಯುತ್ತದೆ. ಆದರೆ ಇವನ್ನು ಓದುವಾಗ ನಾವು ಕುರಿಯನ್ನೂ ಕಾಗೆಯನ್ನೂ ಹೋತವನ್ನೂ ಮಾತ್ರ ನೋಡುತ್ತೇವೆ. ಅಣ್ಣನವರ ದೃಷ್ಟಿ ನೆಟ್ಟಿರುವುದು ಮನುಷ್ಯನಲ್ಲಿ. ಕಾಗೆಯ ಮಾತು ಹಂಚಿಕೊಂಡು ಉಣ್ಣದವನಿಗೆ. ಹೋತದ ಅಳು ಓದಿಯೂ ಕರಗದವನಿಗೆ. ಇಂದು ಶಾಸ್ತ್ರ ಓದಿದವರ ಸ್ಥಾನದಲ್ಲಿ ವಚನ ಓದಿದವರಾದ ನಾವು ಕುಳಿತಿದ್ದೇವೆ. ನಮ್ಮೆದುರಿಗೆ ಯಾರು ಬಂದು ಅಳುತ್ತಿದ್ದಾರೆ, ನಾವು ಯಾರ ಅಳುವನ್ನು ಕೇಳುತ್ತಿದ್ದೇವೆ?

ಹಳೆಯ ಸಂಗತಿಯೊಂದನ್ನು ಹೇಳುವೆನು. ನಮ್ಮ ಭಾಗದ ಹಿಂದಿನ ಮನೆಗಳ ರಚನೆ ಬಲ್ಲವರಿಗೆ ಗೊತ್ತಿರುವಂತೆ, ತಲೆಬಾಗಿಲನ್ನು ದಾಟಿದೊಡನೆ ದನ ಕಟ್ಟುವ ಅಂಕಣ. ಅದರಾಚೆ ಎತ್ತರದಲ್ಲಿ ಪಡಸಾಲೆ. ಇನ್ನೂ ಒಳಗೆ ಅಡುಗೆಮನೆ, ದೇವರಮನೆ. ಎತ್ತು ಆಕಳುಗಳು ಮನೆಯೊಳಗಿನ ಜೀವಗಳು. ಕಾರಹುಣ್ಣಿಮೆಯಂದು ಅವುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಆರತಿ ಬೆಳಗಿ, ಮನೆಯವರ ಊಟಕ್ಕೂ ಮೊದಲು ಹೋಳಿಗೆಯನ್ನು ತಿನ್ನಿಸುತ್ತಿದ್ದರು. ಆ ಎತ್ತುಗಳನ್ನು ವರ್ಷವೆಲ್ಲ ಹೂಡಿ, ಬಿಸಿಲಿನಲ್ಲಿ ಅವುಗಳ ಜೊತೆಗೇ ಬೆವರಿದ ಆಳು ಅದೇ ದಿನ ತಲೆಬಾಗಿಲ ಹೊರಗಿನ ಕಟ್ಟೆಯ ಕೆಳಗೆ ಕುಳಿತು, ಬೇರೆಯಾಗಿ ಇಟ್ಟ ತಾಟಿನಲ್ಲಿ ಉಣ್ಣುತ್ತಿದ್ದನು. ಉಂಡು ತಾಟನ್ನು ತಾನೇ ತೊಳೆದು ಕಿಂಡಿಯಲ್ಲಿಡುತ್ತಿದ್ದನು. ಇದನ್ನು ನಾನು ಬೇರೆ ಯಾರ ಮನೆಯಲ್ಲಿಯೂ ಅಲ್ಲ, ನಮ್ಮ ಮನೆಯಲ್ಲಿಯೇ ಕಂಡವನು. ಬಾಲಕನಾದ ನನಗೆ ಅದರಲ್ಲಿ ವಿಪರೀತವೇನೂ ತೋರಲಿಲ್ಲ. ಎತ್ತಿಗೆ ಮಾಡಿದುದರಲ್ಲಿ ದೋಷವಿಲ್ಲ, ಅದು ಧರ್ಮವೇ. ಆದರೆ ಎತ್ತು ದಾಟಿದ ಹೊಸ್ತಿಲನ್ನು ಎತ್ತಿನ ಒಡನಾಡಿ ದಾಟಲಾರದವನಾಗಿದ್ದನು.

ಪಶುವಿನ ಮೇಲಣ ದಯೆ ಇಷ್ಟು ಸುಲಭವಾಗಿಯೂ ಮನುಷ್ಯನ ಮೇಲಣ ದಯೆ ಇಷ್ಟು ಕಠಿಣವಾಗಿಯೂ ಇರುವುದೇಕೆ? ಪಶುವು ನಮ್ಮ ಪಂಕ್ತಿಯಲ್ಲಿ ಕೂಡಲು ಬಯಸದು. ಕೂಲಿಯ ಲೆಕ್ಕವನ್ನು ಕೇಳದು. ಉತಾರದಲ್ಲಿ ತನ್ನ ಹೆಸರು ಬರಲೆನ್ನದು. ನಮ್ಮ ಮನೆತನದೊಡನೆ ಬೀಗತನ ಬೆಳೆಸೆನ್ನದು. ಒಂದು ಹಿಡಿ ಮೇವಿಗೆ ಕೃತಜ್ಞತೆಯಿಂದ ಕೈಯನ್ನು ನೆಕ್ಕುವುದು. ಮನುಷ್ಯನಾದರೋ ಹೊಟ್ಟೆ ತುಂಬಿದ ಬಳಿಕ ಮಾನವನ್ನೂ ಕೇಳುತ್ತಾನೆ. ಅನ್ನ ಕೊಡುವುದಕ್ಕೆ ಕಣಜ ಸಾಕು. ಮಾನ ಕೊಡುವುದಕ್ಕೆ ನಮ್ಮ ಹಿರಿಮೆಯಲ್ಲಿ ಒಂದು ಪಾಲನ್ನು ಬಿಡಬೇಕಾಗುತ್ತದೆ. ನಮ್ಮ ಭೂತದಯೆ ಖರ್ಚು ತಗಲುವ ಸ್ಥಳಕ್ಕೆ ಬಂದು ನಿಂತುಬಿಡುತ್ತದೆ. ಇನ್ನೂ ಒಂದು ಮಾತುಂಟು. ಮಾಂಸ ತಿನ್ನದಿರುವಿಕೆ ದಯೆಯ ಗುರುತಾಗಿದ್ದುದು ಬರಬರುತ್ತ ಕುಲದ ಗುರುತಾಯಿತು. ‘ಅವರು ತಿನ್ನುವವರು’ ಎಂಬ ಎರಡು ಮಾತಿನಲ್ಲಿ ಕೋಳಿಯ ಮೇಲಿನ ಕನಿಕರ ಎಷ್ಟು, ತಿನ್ನುವವನ ಮೇಲಿನ ಹೇಸಿಕೆ ಎಷ್ಟು ಎಂಬುದನ್ನು ಆ ಮಾತನ್ನಾಡುವವರೇ ತೂಗಿ ನೋಡಲಿ.

ಕಲ್ಯಾಣದಲ್ಲಿ ಹೀಗಿರಲಿಲ್ಲ. ತೊಗಲು ಹದಮಾಡುವ ಡೋಹರ ಕಕ್ಕಯ್ಯನವರನ್ನೂ ಮಾದಾರ ಚೆನ್ನಯ್ಯನವರನ್ನೂ ಅಣ್ಣನವರು ತಮ್ಮ ಹೆತ್ತವರ ಸ್ಥಾನದಲ್ಲಿಟ್ಟು ಹಾಡಿದರು. ಸಮಗಾರ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾದುದರ ಫಲವಾಗಿ ಆ ಇಬ್ಬರು ತಂದೆಯರೂ ಪ್ರಾಣವನ್ನು ತೆತ್ತರೆಂದು ನಮ್ಮ ಪುರಾಣಪರಂಪರೆ ಹೇಳುತ್ತದೆ. ಶರಣರ ರಕ್ತ ಬಿದ್ದುದು ಯಾವುದಕ್ಕಾಗಿ ಎಂಬುದನ್ನು ಗಮನಿಸಬೇಕು. ಯಜ್ಞಪಶುವಿಗಾಗಿ ಅವರು ಮರುಗಿದರು. ಮನುಷ್ಯನಿಗೂ ಮನುಷ್ಯನಿಗೂ ಇರುವ ನಂಟಿಗಾಗಿ ಮಡಿದರು. ಪಂಚಾಚಾರಗಳಲ್ಲಿ ಸದಾಚಾರವೊಂದನ್ನೇ ಹಿಡಿದು, ಅದರಲ್ಲಿಯೂ ಆಹಾರದ ಭಾಗವನ್ನೇ ಹಿಡಿದು, ಶಿವಭಕ್ತರಲ್ಲಿ ಭೇದವೆಣಿಸದ ಶಿವಾಚಾರವನ್ನೂ ಎಲ್ಲರಿಗೂ ಕಿರಿಯನಾಗಿ ನಡೆಯುವ ಭೃತ್ಯಾಚಾರವನ್ನೂ ಗ್ರಂಥದಲ್ಲಿ ಬಿಟ್ಟರೆ ಐದರಲ್ಲಿ ಉಳಿದದ್ದೆಷ್ಟು?

ಈಗ ನನ್ನ ಸಂದೇಹ ಹುಟ್ಟಿದ ಪ್ರಸಂಗಕ್ಕೆ ಬರುತ್ತೇನೆ.

2021ರ ಡಿಸೆಂಬರಿನಲ್ಲಿ ಸರಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನು ಕೊಡಲಾರಂಭಿಸಿತು. ತಿನ್ನದವರಿಗೆ ಬಾಳೆಯ ಹಣ್ಣು. ಮಕ್ಕಳಲ್ಲಿ ಪೌಷ್ಟಿಕತೆಯ ಕೊರತೆ ಈ ಜಿಲ್ಲೆಗಳಲ್ಲಿ ಹೆಚ್ಚಾಗಿರುವುದೇ ಅದಕ್ಕೆ ಕಾರಣವಾಗಿದ್ದಿತು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವನ್ನು ಬೆಳೆದಿಲ್ಲ. ನೂರರಲ್ಲಿ 60ಕ್ಕೂ ಮಿಕ್ಕಿದವರಿಗೆ ರಕ್ತಹೀನತೆ. ಆಗ ಹಲವು ಮಠಾಧೀಶರೂ ಸಂಘಟನೆಗಳೂ ಮೊಟ್ಟೆಯನ್ನು ವಿರೋಧಿಸಿದರು. ನಮ್ಮ ಊರಿನಲ್ಲಿಯೂ ಸಭೆ ಸೇರಿತು. ಅಲ್ಲಿ ಮಾತನಾಡಿದವರಲ್ಲಿ ನಾನೂ ಒಬ್ಬನು. ನನ್ನ ಮಾತೇ ಎಲ್ಲರಿಗಿಂತ ಉದ್ದವಾಗಿತ್ತು. ಶ್ಲೋಕಗಳನ್ನು ಹೇಳಿದೆನು, ವಚನಗಳನ್ನು ಹೇಳಿದೆನು. ಒಂದೇ ಸಾಲಿನಲ್ಲಿ ಕೆಲವರಿಗೆ ಮೊಟ್ಟೆ ಕೆಲವರಿಗೆ ಹಣ್ಣು ಎಂದರೆ ಪಂಕ್ತಿಭೇದವಾಗುತ್ತದೆಂದು ವಾದಿಸಿದೆನು. ತಲೆತಲಾಂತರದಿಂದ ಪಂಕ್ತಿಭೇದವನ್ನು ಕಾಪಾಡಿಕೊಂಡು ಬಂದವರಿಗೆ ಅದು ದೋಷವೆಂದು ಆ ದಿನವೇ ನೆನಪಾದುದು ಈಗ ನೆನೆದರೆ ನನಗೇ ನಗೆ ಬರುತ್ತದೆ. ಚಪ್ಪಾಳೆಯೇನೋ ಬಿದ್ದಿತು.

ಸಭೆ ಮುಗಿಸಿ ಬರುವಾಗ ದಾರಿಯಲ್ಲಿ ಒಬ್ಬ ತಾಯಿ ತಡೆದಳು. ಹೊಲದ ಕೂಲಿಗೆ ಹೋಗುವವಳು. ಅವಳ ಮಗಳು ಸರಕಾರಿ ಶಾಲೆಯಲ್ಲಿ ಐದನೆಯ ಇಯತ್ತೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತುಸು ದೂರದಲ್ಲಿಯೇ ನಿಂತು ಕೇಳಿದಳು: ‘ಸಾಲ್ಯಾಗ ನನ್ನ ಮಗಳು ಏನು ತಿಂತಾಳಂತ ಇಷ್ಟು ಮಂದಿ ಹಿರ್‍ಯಾರು ಕೂಡಿ ಕೇಳಾಕತ್ತೀರಿ. ರಾತ್ರಿ ಮನ್ಯಾಗ ಏನು ತಿಂತಾಳಂತ ಒಬ್ಬರರೆ ಕೇಳೀರೇನ್ರಿ, ಗುರುಗಳ?’

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಉತ್ತರ ಹೊಳೆಯುತ್ತಿತ್ತೋ ಏನೋ. ಉತ್ತರ ಹೊಳೆಯಲಿಲ್ಲ. ರಾತ್ರಿ ಲಿಂಗಪೂಜೆಗೆ ಕುಳಿತಾಗ ಹೋತದ ವಚನವೇ ನೆನಪಿಗೆ ಬಂದಿತು. ಆ ಹೋತವು ಯಾರ ಎದುರಿಗೆ ನಿಂತಿತ್ತೆಂಬುದು ಅಂದು ನನಗೆ ತಿಳಿಯಿತು.

ಕೋಳಿಯ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಾರಾಟಕ್ಕೆ ಬರುವ ಮೊಟ್ಟೆಗಳಲ್ಲಿ ಬಹುತೇಕ ಹುಂಜವಿಲ್ಲದ ಸಾಕಣೆಯವು, ಅವುಗಳಲ್ಲಿ ಮರಿಯ ಜೀವವಿಲ್ಲವೆಂದು ಕೆಲವರು ಸಮಾಧಾನ ಹೇಳಿಕೊಳ್ಳುವರು. ಆ ಸಮಾಧಾನವನ್ನು ನಾನು ಅವಲಂಬಿಸಲಾರೆ. ರೆಕ್ಕೆ ಬಿಚ್ಚಲಾಗದ ಪಂಜರದಲ್ಲಿ ತಾಯಿಕೋಳಿ ಜೀವವನ್ನು ಸವೆಸುತ್ತದಷ್ಟೆ. ಆದರೆ ಹಿಂಸೆಯ ಲೆಕ್ಕ ಬರೆಯುವುದಾದರೆ ನಮ್ಮ ಮನೆಯಿಂದ ಆರಂಭಿಸಬೇಕು. ಮಡಿಗೆಂದು ಉಡುವ ಒಂದು ರೇಷ್ಮೆಯ ವಸ್ತ್ರಕ್ಕೆ ಸಾವಿರಾರು ಹುಳುಗಳು ಗೂಡಿನೊಳಗೇ ಬೇಯುತ್ತವೆ. ಕರುವಿನ ಪಾಲಿನ ಹಾಲನ್ನು ಕರೆದುಕೊಳ್ಳುತ್ತೇವೆ. ಉಳುಮೆಗೆ ಬೇಡವಾದ ಗಂಡುಕರು ಸಂತೆಯ ದಾರಿ ಹಿಡಿದು ಎಲ್ಲಿಗೆ ಹೋಗುತ್ತದೆಂದು ಕೇಳುವುದಿಲ್ಲ. ರೇಷ್ಮೆಯ ಹುಳಕ್ಕೆ ಸಿಕ್ಕ ಮಾಫಿ ಕೂಲಿಯವಳ ಮಗಳಿಗೆ ಸಿಕ್ಕಲಿಲ್ಲವೇಕೆ? ನನ್ನ ವ್ರತಕ್ಕೆ ನನ್ನ ತಾಟಿನ ಮೇಲೆ ಪೂರ್ಣ ಅಧಿಕಾರವುಂಟು. ಹಸಿದ ಮಗುವಿನ ತಾಟಿನಿಂದ ಒಂದನ್ನು ತೆಗೆಯಿರೆನ್ನಬೇಕಾದರೆ ಅದಕ್ಕಿಂತ ಮೊದಲು ಅದೇ ತಾಟಿನಲ್ಲಿ ನಾನು ಎರಡನ್ನು ಇಟ್ಟಿರಬೇಕು. ನಾನು ಇಟ್ಟಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳುವೆನು. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ತಲೆಮಾರುಗಳಿಂದ ಮಲ ಬಳಿಯುತ್ತ ಬಂದ ಭಂಗಿ ಜನರು, ತಮ್ಮನ್ನು ವಾಸಸ್ಥಳದಿಂದ ಎಬ್ಬಿಸಲು ಹೊರಟಾಗ, ಬೇರೆ ದಾರಿ ಕಾಣದೆ ಬೀದಿಯಲ್ಲಿ ನಿಂತು ಮಲವನ್ನು ಮೈಮೇಲೆ ಸುರಿದುಕೊಂಡರು. ಪತ್ರಿಕೆಯಲ್ಲಿ ಅದನ್ನು ಓದಿದೆನು. ಓದಿ, ಮಡಚಿಟ್ಟು, ಸ್ನಾನಕ್ಕೆ ಎದ್ದೆನು. ನಮ್ಮ ಊರಿನಲ್ಲಿ ಅಂದು ಯಾವ ಸಭೆಯೂ ಸೇರಲಿಲ್ಲ. ಹನ್ನೊಂದು ವರ್ಷಗಳ ತರುವಾಯ ಮೊಟ್ಟೆಗಾಗಿ ಸೇರಿತು.

ಶಾಲೆಯ ಊಟದ ಆ ಯೋಜನೆಗೆ 2002ರಲ್ಲಿ ಸರಕಾರವು ಇಟ್ಟ ಹೆಸರು ಅಕ್ಷರ ದಾಸೋಹ. ದಾಸೋಹವೆಂಬುದು ನಮ್ಮ ಮಾತು, ಶರಣರ ಮಾತು. ‘ನಾನು ದಾಸನು’ ಎಂಬ ಭಾವ ಅದರ ಮೂಲ. ನೀಡುವವನು ಉಣ್ಣುವವನಿಗೆ ದಾಸನೆಂದ ಬಳಿಕ ಉಣ್ಣುವವನ ಕುಲವನ್ನು ಕೇಳುವಂತಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಲಿಂಗದೊಳಗಾಗುವವರೆಗೂ ಜಾತಿಮತಗಳನ್ನು ಕೇಳದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನಿತ್ತರು. ಅಲ್ಲಿಯ ಊಟವೂ ಶಾಕಾಹಾರವೇ. ಅಲ್ಲಿ ಉಂಡು ಬೆಳೆದವರಿಗೆ ಆ ಆಹಾರ ಮಾನವನ್ನು ತಂದಿತೇ ಹೊರತು ಯಾರನ್ನೂ ಕೀಳೆನಿಸಲಿಲ್ಲ. ವ್ರತವೊಂದೇ, ಹಸಿದವನ ಮುಂದೆ ಹಿಡಿದಾಗ ಒಂದು ಬಗೆ, ಹಸಿದವನ ಅಡ್ಡ ಹಿಡಿದಾಗ ಇನ್ನೊಂದು ಬಗೆ.

ಆ ತಾಯಿಯ ಪ್ರಶ್ನೆಯನ್ನು ನಾನು ಪೂಜ್ಯರಲ್ಲಿ ಭಿನ್ನವಿಸಿಕೊಂಡೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, ‘ಕೇಳಿದವರಿಗೆ ಉತ್ತರ ಬಾಯಿಂದ ಕೊಡಬ್ಯಾಡ್ರಿ’ ಎಂದು ಮಾತ್ರ ಅಪ್ಪಣೆ ಕೊಡಿಸಿದರು. ಮುಂದಿನ ತಿಂಗಳಿನಿಂದ ಮಠದಲ್ಲಿ ಸಂಜೆಯ ಊಟ ಆರಂಭವಾಯಿತು. ಕೂಲಿಯವರ ಓಣಿಯ ಮಕ್ಕಳಿಗೂ ನಮ್ಮ ಪಾಠಶಾಲೆಯ ಮಕ್ಕಳಿಗೂ ಒಂದೇ ಸಾಲು: ಜೋಳದ ರೊಟ್ಟಿ, ಬೇಳೆಯ ಪಲ್ಯ, ಶೇಂಗಾ ಚಟ್ನಿ, ಮೊಸರು, ಸೋಮವಾರ ಶೇಂಗಾ ಉಂಡಿ. ಶೇಂಗಾ ಕೊಟ್ಟವರು ಊರ ಸದ್ಭಕ್ತರೇ. ಮೊದಲ ವಾರದಲ್ಲಿ ಎರಡು ಮನೆಯವರು ತಮ್ಮ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಸಾಲು ಬೇರೆ ಮಾಡಿದರೆ ಕಳಿಸುವೆವೆಂದರು. ಪೂಜ್ಯರು ಅದಕ್ಕೆ ಒಪ್ಪಲಿಲ್ಲ. ಮೂರು ತಿಂಗಳ ಮೇಲೆ ಒಂದು ಮನೆಯವರು ತಾವಾಗಿಯೇ ಮಕ್ಕಳನ್ನು ಕರೆತಂದು ಬಿಟ್ಟರು. ಇನ್ನೊಂದು ಮನೆಯವರು ಇದುವರೆಗೆ ಬಂದಿಲ್ಲ. ಶೇಂಗಾ ಮಾತ್ರ ಪ್ರತಿ ಸುಗ್ಗಿಯಲ್ಲಿ ತಪ್ಪದೆ ಅವರ ಮನೆಯಿಂದಲೂ ಬರುತ್ತದೆ.

ಆ ಹುಡುಗಿಯೂ ಬರುತ್ತಿದ್ದಳು. ಮೊದಲ ದಿನ ಬಾಗಿಲ ಹೊರಗೇ ನಿಂತಿದ್ದಳು. ಒಳಗೆ ಬರಲು ಮೂರು ಸಲ ಕರೆಯಬೇಕಾಯಿತು. ಒಂದು ಸಂಜೆ ನಾನೇ ಬಡಿಸುತ್ತ ಅವಳ ಮುಂದೆ ಬಂದಾಗ, ಮನಸ್ಸು ತಡೆಯದೆ, ಶಾಲೆಯಲ್ಲಿ ಮೊಟ್ಟೆ ತಿನ್ನುತ್ತೀಯೇನವ್ವಾ ಎಂದು ಕೇಳಿದೆನು. ಅವಳು ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿದಳು. ಹೂಂ ಎಂದು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ, ‘ಇನ್ನೊಂದು ರೊಟ್ಟಿ ಹಾಕ್ರಿ ಗುರುಗಳ’ ಎಂದಳು. ಹಾಕಿ ಮುಂದಿನ ತಾಟಿಗೆ ಹೋದೆನು.