ಸಂಜರನ ಕಣ್ಣು

ಕಮಲಾಪುರದಿಂದ ಕಲಬುರಗಿಗೆ ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುವುದೆಂದರೆ ನನಗೆ ಮೊದಲಿನಿಂದಲೂ ಅರ್ಧ ಸಂತೋಷ, ಅರ್ಧ ಭಯ. ದಾರಿ ಒಂದು ತಾಸಿನದು, ಆದರೆ ಅಷ್ಟರಲ್ಲೇ ಇಬ್ಬರಿಗೆ ವಾಂತಿಯಾಗಿರುತ್ತದೆ, ಒಬ್ಬಳ ಬುತ್ತಿ ಇನ್ನೊಬ್ಬಳ ಚೀಲ ಸೇರಿರುತ್ತದೆ. ಕೋಟೆ, ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ ಎಲ್ಲ ಮುಗಿದು ಹಫ್ತ್ ಗುಂಬಜಿಗೆ ಬರುವ ಹೊತ್ತಿಗೆ ಮಕ್ಕಳು ದಣಿದಿರುತ್ತಾರೆ. ಅಲ್ಲಿ ಐಸ್‌ಕ್ರೀಮಿನವನಿಲ್ಲ, ಜೋಕಾಲಿಯಿಲ್ಲ. ದಪ್ಪ ಗೋಡೆಗಳ ಗುಮ್ಮಟಗಳು, ಪಾರಿವಾಳ, ಒಳಗೆ ತಣ್ಣನೆಯ ಕತ್ತಲೆ, ಅಷ್ಟೆ.

ಒಮ್ಮೆ ಅಲ್ಲಿ ನಿಂತು, ಇದು ಮುಜಾಹಿದ್ ಶಹಾನ ಗೋರಿ, ಅವನನ್ನು ಚಿಕ್ಕಪ್ಪ ದಾವೂದ್ ಕೊಲ್ಲಿಸಿದ, ಅದೋ ಅದು ದಾವೂದನ ಗೋರಿ ಎಂದು ಯಾಂತ್ರಿಕವಾಗಿ ಹೇಳುತ್ತಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಡೆದಳು. "ಕೊಂದವ್ರೂ ಇಲ್ಲೇ, ಸತ್ತವ್ರೂ ಇಲ್ಲೇ ಏನ್ರಿ ಟೀಚರ್?" ಹೌದೆಂದೆ. "ಮತ್ತ ಸಂಜರ್ ಅಂದ್ರಲ್ರಿ, ಅಂವ ಯಾರನ್ನ ಕೊಂದಿದ್ದ?"

ಯಾರನ್ನೂ ಅಲ್ಲ ಎಂದೆ. ಅವಳು ಮುಂದೆ ಕೇಳಲಿಲ್ಲ. ಗುಮ್ಮಟದೊಳಗೆ ಕೂಗಿದರೆ ಪ್ರತಿಧ್ವನಿ ಬರುತ್ತದೆಯೆಂದು ಗೆಳತಿಯರು ಕರೆದರು, ಓಡಿಹೋದಳು. ನಾನು ಮಾತ್ರ ಶಹಜಾದಾ ಸಂಜರನದೆಂದು ಗುರುತಿಸುವ ಆ ಗೋರಿಯನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ಬಸ್ಸು ಹತ್ತಿದೆ. ಎಷ್ಟು ವರ್ಷ ಪಾಠ ಹೇಳಿದ್ದೇನೆ! ಬಹಮನಿ ರಾಜ್ಯ 1347ರಲ್ಲಿ ಹುಟ್ಟಿತು, ಗುಲ್ಬರ್ಗಾ ರಾಜಧಾನಿಯಾಯಿತು, ವಿಜಯನಗರದೊಂದಿಗೆ ಯುದ್ಧಗಳಾದವು. ಸಂಜರನ ಹೆಸರು ಯಾವ ಪರೀಕ್ಷೆಯಲ್ಲಿಯೂ ಬಂದಿಲ್ಲ.

ಕಥೆ ಶುರುವಾಗುವುದು ಸಂಜರನಿಂದಲ್ಲ, ಮುಜಾಹಿದನಿಂದ. ಬಹಮನಿಯ ಎರಡನೆಯ ಸುಲ್ತಾನ ಒಂದನೆಯ ಮುಹಮ್ಮದನ ಮಗ ಅವನು. ತುಂಬ ಬಲಶಾಲಿ, ಅದಕ್ಕೇ ಜನ ಅವನನ್ನು 'ಬಲವಂತ' ಎಂದು ಕರೆಯುತ್ತಿದ್ದರಂತೆ. ಬಿಜಾಪುರದಲ್ಲಿ ಕುಳಿತು ಇನ್ನೂರು ವರ್ಷಗಳ ನಂತರ ಚರಿತ್ರೆ ಬರೆದ ಫೆರಿಷ್ತಾ ಅವನ ಬಾಲ್ಯದ ಪ್ರಸಂಗವೊಂದನ್ನು ಹೇಳುತ್ತಾನೆ. ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಹುಡುಗ ತಂದೆಯ ಖಜಾನೆ ಒಡೆದು ಚಿನ್ನದ ನಾಣ್ಯಗಳನ್ನು ಗೆಳೆಯರಿಗೆ ಹಂಚಿಬಿಟ್ಟ. ಸುಲ್ತಾನ ಅವನನ್ನು ಕರೆತರಲು ತಾಂಬೂಲ ಕೊಡುವ ಸೇವಕ ಮುಬಾರಕನನ್ನು ಕಳಿಸಿದ. ಬಂದ ಮಗನಿಗೆ ತಂದೆ ರಕ್ತ ಬರುವಂತೆ ಬಾರಿಸಿದ. ಏಕೆ ಕರೆಯುತ್ತಿದ್ದಾರೆಂದು ಮುಬಾರಕ್ ಮೊದಲೇ ಸುಳಿವು ಕೊಡಬಹುದಿತ್ತಲ್ಲ ಎಂದು ಹುಡುಗನ ಸಿಟ್ಟು. ಅವನದೇನು ತಪ್ಪು ಎಂದು ತಾಯಿ ಹೇಳಿದಳು. ಹುಡುಗ ಸುಮ್ಮನಾದ. ಕೆಲವು ದಿನ ಬಿಟ್ಟು, ಏನೂ ಆಗಿಲ್ಲವೆಂಬಂತೆ ಮುಬಾರಕನನ್ನು ಕುಸ್ತಿಗೆ ಕರೆದು ಎತ್ತಿ ಒಗೆದ. ಅವನ ಕತ್ತು ಮುರಿಯಿತು.

ಈ ಪ್ರಸಂಗ ಓದಿದಾಗ ನನಗೆ ಮುಜಾಹಿದನಿಗಿಂತ ಆ ತಾಯಿಯ ನೆನಪೇ ಹೆಚ್ಚಾಗುತ್ತದೆ. ಮಗ ಸುಮ್ಮನಾದನೆಂದು ಅವಳು ಸಮಾಧಾನಪಟ್ಟಿರಬೇಕು. ನಾವೂ ಹಾಗೆಯೇ ಅಲ್ಲವೆ? ಮಕ್ಕಳ ಸಿಟ್ಟು ಕಣ್ಣಿಗೆ ಕಾಣದಿದ್ದರೆ ತಣಿಯಿತೆಂದು ತಿಳಿಯುತ್ತೇವೆ.

1375ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ ಮುಜಾಹಿದ್ ಪಟ್ಟಕ್ಕೆ ಬಂದ. ವಿಜಯನಗರದ ಮೇಲೆ ದಂಡೆತ್ತಿ ಹೋದ. ಆ ಯುದ್ಧದಲ್ಲಿ ಕಣಿವೆಯೊಂದರ ಕಾವಲಿಗಿದ್ದ ಚಿಕ್ಕಪ್ಪ ದಾವೂದ್ ತನ್ನ ಜಾಗ ಬಿಟ್ಟು ಬಂದನೆಂದು ಎಲ್ಲರ ಮುಂದೆ ಗದರಿಸಿದ. ಹಿರಿಯನಿಗೆ ಅದು ನಾಟಿತು. 1378ರ ಏಪ್ರಿಲಿನಲ್ಲಿ ಗುಲ್ಬರ್ಗಾಕ್ಕೆ ಮರಳುವ ದಾರಿಯಲ್ಲಿ, ರಾತ್ರಿ, ಡೇರೆಯೊಳಗೆ ಮಲಗಿದ್ದ ಮುಜಾಹಿದನನ್ನು ದಾವೂದ್ ಮತ್ತು ಅವನ ಕಡೆಯವರು ಕೊಂದರು. ಕೊಲೆಗೆ ಕೈಜೋಡಿಸಿದವರಲ್ಲಿ ಮಸೂದ್ ಖಾನ್ ಎಂಬುವನೊಬ್ಬ. ಯಾರವನು? ಕತ್ತು ಮುರಿದು ಸತ್ತ ಮುಬಾರಕನ ಮಗ. ಮುಜಾಹಿದನಿಗೆ ಆಗ ಇಪ್ಪತ್ತೆರಡು ವರ್ಷ. ಇಂದಿನ ಲೆಕ್ಕದಲ್ಲಿ ಡಿಗ್ರಿ ಮುಗಿಸಿ ಬಿ.ಎಡ್. ಅರ್ಜಿ ತುಂಬುವ ವಯಸ್ಸು.

ದಾವೂದ್ ಸುಲ್ತಾನನಾದ. ಆದರೆ ಅರಮನೆಯೊಳಗೆ ಮುಜಾಹಿದನ ಅಕ್ಕನೋ ತಂಗಿಯೋ, ರೂಹ್ ಪರ್ವರ್ ಆಗಾ ಎಂಬ ಹೆಣ್ಣುಮಗಳಿದ್ದಳು. ಅವಳು ಗಟ್ಟಿಯಾಗಿ ಅಳಲಿಲ್ಲ, ದರಬಾರಿಗೆ ದೂರು ಒಯ್ಯಲಿಲ್ಲ. ಒಬ್ಬನನ್ನು ಒಪ್ಪಿಸಿದಳು. ತಿಂಗಳು ಕಳೆದು ಕೆಲವೇ ದಿನ, ಮೇ ತಿಂಗಳಲ್ಲಿ, ಮಸೀದಿಯಲ್ಲಿ ನಮಾಜಿಗೆ ಬಾಗಿದ್ದ ದಾವೂದ್ ಅಲ್ಲಿಯೇ ಕೊಲೆಯಾದ.

ಇಲ್ಲಿಯವರೆಗೆ ಹೇಳಿದರೆ ನಮ್ಮ ಮಹಿಳಾ ಮಂಡಳದ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ನಾನೇ ಒಮ್ಮೆ ಮಾರ್ಚ್ ಎಂಟರ ಭಾಷಣದಲ್ಲಿ ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಪರದೆಯ ಹಿಂದಿನ ಹೆಣ್ಣು ಸಾಮ್ರಾಜ್ಯದ ದಿಕ್ಕು ತಿರುಗಿಸಿದಳು ಎಂದು. ಮುಂದಿನದನ್ನು ಹೇಳಲು ಬಾಯಿ ಬರಲಿಲ್ಲ.

ಮುಂದಿನದು ಇಷ್ಟು. ದಾವೂದನ ಪಕ್ಷದ ಖಾನ್ ಮುಹಮ್ಮದ್ ಕೊಲೆಗಾರನನ್ನು ಕತ್ತರಿಸಿ, ದಾವೂದನ ಮಗನನ್ನು ಪಟ್ಟಕ್ಕೇರಿಸಬೇಕೆಂದು ಅರಮನೆಗೆ ಧಾವಿಸಿದ. ಆ ಮಗನೇ ಮುಹಮ್ಮದ್ ಸಂಜರ್, ಎಂಟೊಂಬತ್ತು ವರ್ಷದವನು. ರೂಹ್ ಪರ್ವರ್ ಬಾಗಿಲು ಹಾಕಿಸಿದಳು. ಹುಡುಗ ಅವಳ ವಶದಲ್ಲೇ ಇದ್ದ. ನನ್ನ ಒಡಹುಟ್ಟಿದವನನ್ನು ಕೊಂದವನ ಮಗ ಸಿಂಹಾಸನಕ್ಕೆ ಸಲ್ಲ ಎಂದಳು. ಹುಡುಗನ ಕಣ್ಣು ಕೀಳಿಸಿದಳು. ಆಮೇಲೆ ಅದೇ ವಂಶದ, ಸೌಮ್ಯ ಸ್ವಭಾವದ ಎರಡನೆಯ ಮುಹಮ್ಮದನನ್ನು ಪಟ್ಟಕ್ಕೆ ತಂದರು.

ಕುರುಡನಿಗೆ ಪಟ್ಟವಿಲ್ಲ. ಈ ಕಟ್ಟಳೆ ನಮಗೆ ಹೊಸದಲ್ಲ, ಧೃತರಾಷ್ಟ್ರನನ್ನು ಬಿಟ್ಟು ಪಾಂಡುವಿಗೆ ರಾಜ್ಯ ಕೊಟ್ಟವರು ನಾವು. ಅದೊಂದು ಧರ್ಮದವರ, ಒಂದು ಮನೆತನದವರ ಕ್ರೌರ್ಯ ಎನ್ನುವಂತೆಯೂ ಇಲ್ಲ. 797ರಲ್ಲಿ ಕಾನ್‌ಸ್ಟಾಂಟಿನೋಪಲಿನ ರಾಣಿ ಐರೀನಳು ಹೆತ್ತ ಮಗನ ಕಣ್ಣನ್ನೇ ಕೀಳಿಸಿ ತಾನು ಆಳಿದಳು. ಇತ್ತ ವಿಜಯನಗರದಲ್ಲಿ ಕೃಷ್ಣದೇವರಾಯನ ಪುಟ್ಟ ಮಗ ತಿರುಮಲ ಆರರ ವಯಸ್ಸಿಗೇ ಪಟ್ಟಕ್ಕೇರಿ ಕೆಲವೇ ತಿಂಗಳಲ್ಲಿ ತೀರಿಕೊಂಡ. ವಿಷಪ್ರಾಶನವೆಂಬ ಸಂಶಯದ ಮೇಲೆ ರಾಯ ತಂದೆಯಂತಿದ್ದ ಮಂತ್ರಿ ತಿಮ್ಮರಸನ ಕಣ್ಣು ಕೀಳಿಸಿದನೆಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿದ್ದಾನೆ. ಕೊಲ್ಲುವುದಕ್ಕಿಂತ ಕಣ್ಣು ಕೀಳುವುದು ಕರುಣೆ ಎಂದು ಆ ಕಾಲ ನಂಬಿತ್ತೇನೋ. ಜೀವ ಉಳಿಯಿತಲ್ಲ, ಅನ್ನ ಬಟ್ಟೆಗೆ ಕೊರತೆಯಿಲ್ಲವಲ್ಲ!

ರೂಹ್ ಪರ್ವರಳ ಪರವಾಗಿ ನಿಂತು ಯೋಚಿಸಿ ನೋಡಿದ್ದೇನೆ. ಸಂಜರ್ ಪಟ್ಟಕ್ಕೆ ಬಂದಿದ್ದರೆ ಆಳುತ್ತಿದ್ದವನು ಅವನಲ್ಲ, ಖಾನ್ ಮುಹಮ್ಮದ್. ಮುಜಾಹಿದನನ್ನು ಕೊಂದವರ ಕೈಯಲ್ಲೇ ರಾಜ್ಯ. ಹುಡುಗ ದೊಡ್ಡವನಾದ ಮೇಲೆ, ಮಸೂದ್ ತನ್ನ ತಂದೆಗಾಗಿ ಮಾಡಿದಂತೆ, ತಾನೂ ತಂದೆಗಾಗಿ ಯಾರನ್ನಾದರೂ ಹುಡುಕಿಕೊಂಡು ಹೋಗುತ್ತಿದ್ದ. ಆ ಸರಪಳಿಯನ್ನು ಎಲ್ಲಾದರೂ ಕಡಿಯಬೇಕಿತ್ತು. ಅವಳು ಕಡಿದಳು. ಮತ್ತು ನಿಜಕ್ಕೂ ಅದು ಕಡಿದುಬಿತ್ತು! ಖಾನ್ ಮುಹಮ್ಮದನನ್ನು ಸಗರದ ಕೋಟೆಯಲ್ಲಿಟ್ಟರು, ಮಸೂದನಿಗೆ ಮರಣದಂಡನೆಯಾಯಿತು, ನಂತರ 1397ರವರೆಗೆ ಹತ್ತೊಂಬತ್ತು ವರ್ಷ ಎರಡನೆಯ ಮುಹಮ್ಮದ್ ಆಳಿದ. ಬಹಮನಿ ಚರಿತ್ರೆಯಲ್ಲಿ ಅಂಥ ಶಾಂತಿಯ ಕಾಲ ಇನ್ನೊಂದಿಲ್ಲ. ಓದು ಬರಹದಲ್ಲಿ ಮುಳುಗಿದ ಅವನನ್ನು ಜನ ಅರಿಸ್ಟಾಟಲ್ ಎನ್ನುತ್ತಿದ್ದರಂತೆ. ಪರ್ಷಿಯದ ಮಹಾಕವಿ ಹಾಫಿಜನಿಗೆ ದಾರಿ ಖರ್ಚು ಕಳಿಸಿ ಗುಲ್ಬರ್ಗಾಕ್ಕೆ ಕರೆದ. ಕವಿ ಸಮುದ್ರಕ್ಕೆ ಹೆದರಿ ಬರಲಿಲ್ಲ, ಗಜಲೊಂದನ್ನು ಕಳಿಸಿ ಸುಮ್ಮನಾದ. ಬರ ಬಿದ್ದಾಗ ಮಾಳವ, ಗುಜರಾತಿನಿಂದ ಎತ್ತುಗಳ ಮೇಲೆ ಧಾನ್ಯ ತರಿಸಿ ಅಗ್ಗದಲ್ಲಿ ಮಾರಿಸಿದ. ಗುಲ್ಬರ್ಗಾ, ಬೀದರ, ದೌಲತಾಬಾದ್ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗೆ ಶಾಲೆ ತೆರೆಸಿ ಮೇಷ್ಟ್ರುಗಳಿಗೆ ಸಂಬಳ ಗೊತ್ತುಮಾಡಿದ. ಶಾಲಾ ಮಾಸ್ತರಿಣಿಯಾದ ನಾನು ಈ ದೊರೆಯನ್ನು ಪ್ರೀತಿಸದೆ ಹೇಗಿರಲಿ?

ಇನ್ನೊಂದು ಮಾತನ್ನೂ ಫೆರಿಷ್ತಾ ಬರೆದಿದ್ದಾನೆ. ಆ ಸುಲ್ತಾನ ರಾಜ್ಯದ ಕುರುಡರಿಗೆಲ್ಲ ತಿಂಗಳು ತಿಂಗಳು ದಾನ ಕೊಡಿಸುತ್ತಿದ್ದ.

ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟೆ. ಕುರುಡರಿಗೇ ಏಕೆ? ಯಾವ ಕಣ್ಣುಗಳ ಬೆಲೆಯಲ್ಲಿ ತನಗೆ ಸಿಂಹಾಸನ ಸಿಕ್ಕಿತೆಂದು ಅವನಿಗೆ ಗೊತ್ತಿತ್ತು. ನಾನು ಹೆಚ್ಚು ಕಲ್ಪಿಸಿಕೊಳ್ಳುತ್ತಿರಬಹುದು, ದಾನ ಕೊಡುವುದು ದೊರೆಗಳ ಪದ್ಧತಿ. ಆದರೂ ಆ ದಾನದ ಪಟ್ಟಿಯನ್ನು ನೋಡಿದಾಗ ನನಗೆ ಒಂದು ಡಜನ್ ನೋಟುಬುಕ್ಕುಗಳು ನೆನಪಾಗುತ್ತವೆ.

ಅದನ್ನೂ ಹೇಳಿಬಿಡುತ್ತೇನೆ. ಇಷ್ಟು ಹೊತ್ತು ಆರುನೂರು ವರ್ಷದ ಹಿಂದಿನ ಹೆಣ್ಣುಮಗಳಿಗೆ ನ್ಯಾಯ ಹೇಳುತ್ತ ಕುಳಿತವಳು ನನ್ನ ನ್ಯಾಯವನ್ನು ಮುಚ್ಚಿಡುವುದು ಸರಿಯಲ್ಲ. ನೌಕರಿ ಸೇರಿದ ಹೊಸತರಲ್ಲಿ ಹಳ್ಳಿಯೊಂದರ ಶಾಲೆಯಲ್ಲಿದ್ದೆ. ಆರನೆಯ ತರಗತಿಯ ಒಬ್ಬ ಹುಡುಗನನ್ನು ನಾನೇ ಮಾನಿಟರ್ ಮಾಡಿದ್ದೆ. ಲೆಕ್ಕದಲ್ಲಿ ಚುರುಕು, ಅಕ್ಷರ ಮುತ್ತಿನಂತೆ. ಆ ವರ್ಷ ಮಳೆಗಾಲದಲ್ಲಿ ಹೊಲದ ಬದುವಿನ ಜಗಳದಲ್ಲಿ ಅವನ ಅಪ್ಪ ಒಬ್ಬನನ್ನು ಕೊಡಲಿಯಿಂದ ಹೊಡೆದು ಜೈಲಿಗೆ ಹೋದ. ಸತ್ತವನ ಅಣ್ಣನ ಮಗಳು ಅದೇ ತರಗತಿಯಲ್ಲಿದ್ದಳು. ಒಂದು ವಾರಕ್ಕೆ ನಾಲ್ಕೈದು ಹೆಣ್ಣುಮಕ್ಕಳು ಶಾಲೆಗೆ ಬಂದರು. "ಕೊಲೆಗಾರನ ಮಗ ಹೇಳ್ದಂಗ ನಮ್ಮ ಮಕ್ಕಳು ಕೇಳಬೇಕೇನ್ರಿ ಬಾಯಾರ?" ಗುಂಪಿನ ಹಿಂದೆ, ತಲೆಯ ಮೇಲೆ ಸೆರಗು ಹೊದ್ದು ಸತ್ತವನ ತಂಗಿ ನಿಂತಿದ್ದಳು. ಅವಳು ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ನಾನು ವಾದ ಮಾಡುತ್ತಿದ್ದೆನೇನೋ. ಆ ಮುಖದ ಮುಂದೆ ನನ್ನ ಬಿ.ಎಡ್. ಮನಶ್ಶಾಸ್ತ್ರವೆಲ್ಲ ಒಣಗಿಹೋಯಿತು.

ಮರುದಿನ ಮಾನಿಟರನನ್ನು ಬದಲಾಯಿಸಿದೆ. ಹುಡುಗನನ್ನು ಕಿಟಕಿಯ ಹತ್ತಿರ ಕೊನೆಯ ಬೆಂಚಿಗೆ ಕಳಿಸಿದೆ. "ನಿನಗ ಓದಾಕ ಟೈಮ್ ಸಿಗ್ಲಿ ಅಂತ" ಎಂದೆ. ಅವನು ತಲೆಯಾಡಿಸಿದ. ನಂಬಿದವನಂತೆ ತಲೆಯಾಡಿಸಿ ನನ್ನ ಮರ್ಯಾದೆ ಉಳಿಸಿದ. ತರಗತಿ ಶಾಂತವಾಯಿತು. ಸತ್ತವನ ಅಣ್ಣನ ಮಗಳು ಮತ್ತೆ ನಗತೊಡಗಿದಳು, ಆ ವರ್ಷ ಚೆನ್ನಾಗಿಯೇ ಪಾಸಾದಳು. ಆ ನಗು ಸುಳ್ಳಲ್ಲ, ಅದಕ್ಕೂ ಬೆಲೆಯಿದೆ. ದೀಪಾವಳಿಯ ಹೊತ್ತಿಗೆ ನಾನು ಹುಡುಗನಿಗೆ ಒಂದು ಡಜನ್ ನೋಟುಬುಕ್ ತಂದುಕೊಟ್ಟೆ. ಸಂಕ್ರಾಂತಿಯ ನಂತರ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರುಹಾಜರಿ ಗುರುತು ಹಾಕುತ್ತ ಹೋದವಳು ನಾನೇ.

ರೂಹ್ ಪರ್ವರಳ ಮುಂದೆ ಒಂದು ರಾಜ್ಯವಿತ್ತು, ಬಾಗಿಲಿನಾಚೆ ಕತ್ತಿ ಹಿಡಿದ ಸರದಾರನಿದ್ದ. ನನ್ನ ಮುಂದೆ ಇದ್ದದ್ದು ನಾಲ್ಕೈದು ಜನ ತಾಯಂದಿರು. ಅವಳನ್ನು ದೂಷಿಸುವಾಗ ನನ್ನ ದನಿ ಏರುವುದೂ, ನನ್ನದನ್ನು ಹೇಳುವಾಗ 'ಪರಿಸ್ಥಿತಿ' ಎಂಬ ಶಬ್ದ ನಾಲಿಗೆಗೆ ಬರುವುದೂ ಇತ್ತೀಚೆಗೆ ನನಗೇ ಕೇಳಿಸುತ್ತದೆ. ಒಳ್ಳೆಯದಾಯಿತಲ್ಲ ಎಂದು ಫಲ ತೋರಿಸಿ ಮಗುವಿನ ಲೆಕ್ಕ ತೀರಿಸಬಹುದೆ? ಫಲವನ್ನು ತೋರಿಸುವವರು ಯಾವಾಗಲೂ ಫಲ ಉಂಡವರೇ. ಸಂಜರನನ್ನು ಯಾರೂ ಕೇಳಲಿಲ್ಲ. ಅನಾಥ ಶಾಲೆಗಳು ತೆರೆದ ಸುದ್ದಿ ಅವನಿಗೆ ತಲುಪಿದ್ದರೆ ಅವನೇನು ಅಂದುಕೊಂಡಿರಬಹುದು? ಅವನೂ ತಂದೆ ಸತ್ತ ಮಗುವೇ. ಪಾಟಿ ಹಿಡಿದು ಆ ಶಾಲೆಯ ಮಕ್ಕಳಂತೆ ಅಕ್ಷರ ನೋಡುವ ಯೋಗ ಮಾತ್ರ ಇರಲಿಲ್ಲ.

ಇನ್ನು ಆ ಕಡಿದ ಸರಪಳಿ. 1397ರಲ್ಲಿ ಎರಡನೆಯ ಮುಹಮ್ಮದ್ ಜ್ವರದಿಂದ ತೀರಿಕೊಂಡ. ಅವನ ಮಗ ಘಿಯಾಸುದ್ದೀನ್ ಹದಿನೇಳರ ಹುಡುಗ ಪಟ್ಟಕ್ಕೆ ಬಂದ. ಎರಡು ತಿಂಗಳಾಗುವುದರೊಳಗೆ ತುಘಲ್‌ಚಿನ್ ಎಂಬ ತುರ್ಕಿ ಗುಲಾಮ ಅವನನ್ನು ಔತಣಕ್ಕೆ ಕರೆದು ಕಣ್ಣು ಕಿತ್ತ. ಕುರುಡರಿಗೆ ದಾನ ಕೊಟ್ಟವನ ಮಗ! ಇದನ್ನು ದೇವರ ನ್ಯಾಯ ಎನ್ನುವವರಿದ್ದಾರೆ. ನನಗೆ ಹಾಗೆ ಹೇಳಲು ನಾಚಿಕೆಯಾಗುತ್ತದೆ. ಅಲ್ಲಿಯೂ ಬೆಲೆ ತೆತ್ತವನು ತಪ್ಪು ಮಾಡಿದವನಲ್ಲ, ಅವನ ಮಗ. ಹಾಗಾದರೆ ದೇವರಿಗೂ ರೂಹ್ ಪರ್ವರಳಿಗೂ ಏನು ವ್ಯತ್ಯಾಸ ಉಳಿಯಿತು? ಅವನ ಗೋರಿಯೂ ಅದೇ ಹಫ್ತ್ ಗುಂಬಜಿನಲ್ಲಿದೆ ಎನ್ನುತ್ತಾರೆ. ಮೆಕ್ಕೆಗೆ ಹೋಗಿ ಅಲ್ಲೇ ತೀರಿಕೊಂಡನೆಂದು ಫೆರಿಷ್ತಾ.

ಕಳೆದ ಶ್ರಾವಣದಲ್ಲಿ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕೆಂಪು ಬಾಳೆಗೊನೆ ತುಂಬಿದ ಟೆಂಪೋ ಪಕ್ಕದಲ್ಲಿ ನಿಂತಿತು. ಚಾಲಕ ಇಳಿದು ಬಂದು "ನಮಸ್ಕಾರ್ರಿ ಬಾಯಾರ" ಎಂದ. ಕೂದಲು ಅಲ್ಲಲ್ಲಿ ನರೆತಿದ್ದರೂ ತಲೆಯಾಡಿಸುವ ರೀತಿಯಿಂದ ಗುರುತು ಹತ್ತಿತು. ಮಗಳು ಎಸ್ಸೆಸ್ಸೆಲ್ಸಿಯಂತೆ, ಲೆಕ್ಕದಲ್ಲಿ ಜಾಣೆಯಂತೆ. ಟೆಂಪೋದಿಂದ ಒಂದು ಚಿಪ್ಪು ಹಣ್ಣು ಮುರಿದು ತಂದ. ಪರ್ಸು ತೆರೆದೆ, ಬೇಡವೇ ಬೇಡ ಎಂದ.

ಹೇಳಬೇಕೆಂದು ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದ ಮಾತಿತ್ತು. "ಅಂವತ್ತ ನಿನ್ನ ಬೆಂಚು..." ಎಂದು ಶುರುಮಾಡಿದೆ. ಅಷ್ಟರಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆದ. "ಕಿಟಕಿ ಕಡೀದು ಗಾಳಿ ಚಲೋ ಬರ್ತಿತ್ರಿ" ಎಂದು ಅವನು ನಕ್ಕು ಟೆಂಪೋ ಹತ್ತಿದ.

ಹಣ್ಣನ್ನು ಮನೆಗೆ ತಂದು ಎರಡು ದಿನ ಇಟ್ಟೆ. ಮೂರನೆಯ ದಿನ ಪೂರ್ತಿ ಮಾಗಿದವು. ಮೊಮ್ಮಗಳು ಕೇಳಿದಳೆಂದು ಒಂದನ್ನು ಸುಲಿದುಕೊಟ್ಟೆ.