ಒಳಗಿರುವ ಊರುಗೋಲು

"ಎಲುಬು ಕೂಡ್ಯದಂತಲ್ಲ, ಇನ್ನ ಆ ರಾಡು ಯಾಕ ಇಟಗೊಂಡಿ?" ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಡೆ ಕೈಕಾಲು ಮುರಿದುಕೊಂಡು ಎದ್ದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಅದರ ಹಿಂದೆ ಪ್ರೀತಿ ಇದೆ. ಹೊರಗಿನ ವಸ್ತು ಮೈಯೊಳಗಿರುವತನಕ ವಾಸಿ ಪೂರ್ತಿಯಾಗದೆಂಬ ನಂಬಿಕೆಯೂ ಇದೆ.

ಆದರೆ ತೆಗೆಸುವುದೆಂದರೆ ಕಾಲಿನ ಮುಳ್ಳು ಕಿತ್ತಂತಲ್ಲ. ಪ್ಲೇಟಿನ ಮೇಲೆ ಎಲುಬು ಬೆಳೆದಿರುತ್ತದೆ. ಟೈಟೇನಿಯಂ ತಿರುಪು ಪ್ಲೇಟಿಗೇ ಕಚ್ಚಿಕೊಂಡು, ತಿರುಗಿಸಹೋದರೆ ತಲೆ ಸವೆದು ಜಾರುತ್ತದೆ. ಆಗ ಅದನ್ನು ಕೊರೆದು ತೆಗೆಯಬೇಕು. ಕೆಲವೊಮ್ಮೆ ಮುರಿದ ತುಂಡನ್ನು ಒಳಗೇ ಬಿಡಬೇಕು. ತೋಳಿನಲ್ಲಾದರೆ ಹಳೆಯ ಗಾಯದ ಕಲೆಯಲ್ಲಿ ಸಿಕ್ಕಿಕೊಂಡ ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬೀಳಬಹುದು. ಎಲ್ಲ ಸರಿಯಾಗಿ ನಡೆದರೂ ತಿರುಪಿದ್ದ ತೂತುಗಳು ತುಂಬಲು ತಿಂಗಳುಗಳು ಬೇಕು. ಅಷ್ಟರಲ್ಲಿ ಬಿದ್ದರೆ ಅಲ್ಲೇ ಮತ್ತೆ ಮುರಿದೀತು. ಸೋಂಕಾದರೆ, ಪ್ಲೇಟು ಮುರಿದರೆ, ಸಡಿಲಾದರೆ, ಒತ್ತಿ ನೋಯಿಸಿದರೆ ತೆಗೆಸುವ ಮಾತು ಬೇರೆ. ಬೆಳೆಯುವ ಮಕ್ಕಳಲ್ಲಿಯೂ ಹಲವೊಮ್ಮೆ ತೆಗೆಯುತ್ತಾರೆ. ತೊಂದರೆ ಕೊಡದ ಲೋಹವನ್ನು ದೊಡ್ಡವರಲ್ಲಿ ಹಾಗೇ ಬಿಡುವುದುಂಟು.

ಹಾಗಾದರೆ ನಿರ್ಧಾರ ಯಾರದು? ಗಂಗಾವತಿಯ ಗದ್ದೆಯಲ್ಲಿ ಬಗ್ಗಿ ಭತ್ತದ ಸಸಿ ನಾಟುವವಳು ಮೊಣಕಾಲಲ್ಲಿ ರಾಡು ಚುಚ್ಚುತ್ತದೆ ಎಂದರೆ ಮನೆಯವರಿಗೆ ಅದು ಕೆಲಸ ತಪ್ಪಿಸುವ ನೆವ. ನೋವೇ ಇಲ್ಲದ ಮಗಳಿಗೆ ಗಂಡು ನೋಡುವಾಗ ಮಾತ್ರ ಅದೇ ಮನೆಗೆ ಲೋಹ ದೊಡ್ಡ ಕುಂದಾಗಿ ಕಾಣುತ್ತದೆ. ಒಬ್ಬಳ ನೋವನ್ನು ನಂಬಲಿಲ್ಲ, ಇನ್ನೊಬ್ಬಳ ನೆಮ್ಮದಿಯನ್ನು ನಂಬಲಿಲ್ಲ. ತಪ್ಪು ಒಂದೇ: ಮೈ ಅವಳದು, ಮಾತು ಬೇರೆಯವರದು.

ಅವಳ ಇಷ್ಟವೇ ಕೊನೆಯ ಮಾತೆಂದು ಬಿಡುವುದೂ ಸುಲಭವಲ್ಲ. ತೆಗೆಸಿದ ಮೇಲೂ ನೋವು ಉಳಿಯಬಹುದು. ಅದನ್ನು ತಿಳಿಸದೆ ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆಯಾಗದು.

ಇನ್ನು ಪೂರ್ಣತೆಯ ಮಾತು. ಎಲುಬನ್ನು ಕೂಡಿಸಿದ್ದು ಲೋಹವಲ್ಲ, ಎಲುಬೇ. ಲೋಹ ಅದನ್ನು ಅಲುಗದಂತೆ ಹಿಡಿದಿತ್ತು, ಅಷ್ಟೆ. ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತಿದವಳ ಕಾಲಲ್ಲಿ ರಾಡಿದ್ದರೂ ಹತ್ತಿದ್ದು ಅವಳೇ. ಮುರಿಯುವ ಮುಂಚಿನ ಕಾಲು ಯಾರಿಗೂ ಮರಳಿ ಬರುವುದಿಲ್ಲ. ಲೋಹ ತೆಗೆಸಿದವಳಿಗೂ ಬರುವುದಿಲ್ಲ. ನಡೆಯಬಲ್ಲ ಕಾಲನ್ನು ಅರೆವಾಸಿ ಎಂದು ಕರೆಯುವ ಹಟವೇಕೆ?

ಒಂದು ಸಣ್ಣ ಮಾತು. ಆಪರೇಷನ್ನಿನ ಕಾಗದಗಳನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಜೋಪಾನವಾಗಿಡಿ. ಎಂದಾದರೂ ತೆಗೆಸಬೇಕಾದರೆ, ಒಳಗಿರುವುದು ಯಾವ ಬಗೆಯ ಪ್ಲೇಟು, ಯಾವ ತಿರುಪು ಎಂದು ತಿಳಿದರೇ ವೈದ್ಯರ ಕೈಗೆ ಸರಿಯಾದ ಸಲಕರಣೆ ಸಿಗುವುದು. ಅದನ್ನು ಓದಿ ಹೇಳೆಂದು ಕೇಳಲು ಯಾವ ಹೆಂಗಸೂ ಸಂಕೋಚಪಡಬೇಕಿಲ್ಲ.